ಏಳನೇ ಕುರ್ಚಿ

ಫೆಬ್ರವರಿ 5, ಮಂಗಳವಾರ

ಅದೇ ಓಟ್ಸ್ ಗಂಜಿ, ಅದೇ ಏಳೂವರೆಯ ಬಸ್. ಇಳಿಯುವ ಸ್ಟಾಪ್ ಮಾತ್ರ ಬೇರೆ. ಕೌಂಟಿ ದಾಖಲೆ ಕಚೇರಿಯ ನೆಲಮಾಳಿಗೆಗಲ್ಲ, ಎರಡು ಸ್ಟಾಪ್ ಮುಂದೆ — ಕೋರ್ಟಿಗೆ. ಹತ್ತೊಂಬತ್ತು ವರ್ಷದಿಂದ ಹಳೆಯ ಆಸ್ತಿಪತ್ರ ಸ್ಕ್ಯಾನ್ ಮಾಡುತ್ತಿದ್ದೇನೆ. ಅಲ್ಲಿ ಸದ್ದು ಮಾಡುವುದು ಯಂತ್ರ ಮಾತ್ರ, ಅದೂ ಕಾಗದ ಸಿಕ್ಕಿಕೊಂಡಾಗ.

ನಿನ್ನೆ ಕೇಸು ಕೇಳಿ ತೀರ್ಪು ಕೊಡುವ ಜ್ಯೂರಿಗೆ ಆಯ್ಕೆಯಾದೆ. ರಜೆ ಬರೆಸಲು ಹೋದರೆ ನಮ್ಮ ಕಚೇರಿಯ ಹಾಜರಿ ಕಿಟಕಿಯಲ್ಲಿದ್ದ ಗೇಲ್ ನಕ್ಕಳು. "ಎಲ್ರೂ ತಪ್ಪಿಸ್ಕೊಳ್ಳೋಕೆ ಡಾಕ್ಟರ್ ಚೀಟಿ ತರ್ತಾರೆ ವಿಲ್ಮಾ. ನೀನೊಬ್ಳು ಮದುವೆಗೆ ಹೊರಟೋಳ ಹಾಗಿದ್ದೀಯಲ್ಲೇ!" ಪೂರ್ತಿ ಸಂಬಳದ ರಜೆ. ಕೋರ್ಟಿನ ಹಾಜರಿ ಚೀಟಿ ತಂದರೆ ಸಾಕು.

ಹದಿನಾಲ್ಕು ಜನ ಇದ್ದೇವೆ. ತೀರ್ಪು ಹೇಳುವವರು ಹನ್ನೆರಡು ಮಂದಿ. ಯಾರಿಗಾದರೂ ಜ್ವರಗಿರ ಬಂದರೆ ಇರಲಿ ಅಂತ ಇಬ್ಬರು ಹೆಚ್ಚು. ಆ ಇಬ್ಬರು ಯಾರೆಂದು ಕೊನೆಯ ದಿನ ಚೀಟಿ ಎತ್ತುತ್ತಾರಂತೆ. ನನ್ನದು ಏಳನೇ ಕುರ್ಚಿ. ಕಿಟಕಿ ಪಕ್ಕ, ಬಿಸಿಲು ಬರುತ್ತದೆ.

ಫೆಬ್ರವರಿ 6

ಕೇಸು ಇಷ್ಟು: ಜೋಸೆಲಿನ್ ಡೊರ್ವಿಲ್ ಅನ್ನುವ ಹೆಂಗಸು, ಮಿಸೆಸ್ ಹಾರ್ಕಿನ್ಸ್ ಅನ್ನುವ ಮುದುಕಿಯನ್ನು ಮನೆಗೆ ಬಂದು ನೋಡಿಕೊಳ್ಳುತ್ತಿದ್ದಳು. ಮುದುಕಿಯ ಮದುವೆಯ ಉಂಗುರಗಳು ಕಾಣೆಯಾಗಿವೆ. ಕದ್ದದ್ದು ಇವಳೇ ಅಂತ ಆರೋಪ. ಇದಕ್ಕಿಂತ ಹೆಚ್ಚು ಇಲ್ಲಿಯೂ ಬರೆಯಬಾರದು. ಗಂಡ, ಹೆಂಡತಿ, ನೆಂಟರು, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದು ಜಡ್ಜ್ ದಿನಾ ಸಂಜೆ ಹೇಳುತ್ತಾರೆ.

ನಾವೆಲ್ಲ ಒಬ್ಬರಿಗೊಬ್ಬರು ನಂಬರ್. ಆರನೆಯವನು ಬಸ್ ಡ್ರೈವರ್, ಬಾಯಿಬಡುಕ. "ನನ್ ಹೆಂಡ್ತಿ ಬಿಡ್ತಾಳಾ? ಬಾಯಿ ಬಿಡಿಸೋಕೆ ನಿನ್ನೆ ಕೋಳಿ ಹುರಿದಿದ್ಲು. ಕೋಳಿ ತಿಂದೆ, ಬಾಯಿ ಬಿಡ್ಲಿಲ್ಲ. ನಿಮ್ಮನೇಲಿ ಹೇಗೆ ಸೆವೆನ್?"

"ನಮ್ಮನೇಲೂ ಅದೇ ಗೋಳು" ಎಂದೆ.

ಸುಳ್ಳು. ಅಮ್ಮ ಹೋಗಿ ಮೂರು ವರ್ಷ. ಒಂದು ಬೆಕ್ಕೂ ಇಲ್ಲ. ಆದರೂ ಖುಷಿಯಾಯಿತು... ಹದಿನಾಲ್ಕು ಜನರೂ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ. ನಾನೊಬ್ಬಳೇ ಅಲ್ಲ.

ಫೆಬ್ರವರಿ 7

ಪೊಲೀಸರು ತೆಗೆದ ಫೋಟೋಗಳನ್ನು ತೋರಿಸಿದರು. ನಾಲ್ಕನೆಯದರಲ್ಲಿ ಒಂದು ವಸ್ತು ಕಂಡೆ. ವಕೀಲರಿಬ್ಬರೂ ಅದರ ಮಾತೆತ್ತಲಿಲ್ಲ. ಯಾರ ಕಣ್ಣಿಗೂ ಬಿದ್ದ ಹಾಗಿಲ್ಲ.

ತೀರ್ಪು ಚರ್ಚಿಸಲು ಒಳಕೋಣೆಯ ಮೇಜಿನ ಸುತ್ತ ಕೂತ ಮೇಲೆ ಹೇಳುತ್ತೇನೆ. ಮೊದಲು ಫೋಟೋ ತರಿಸಬೇಕು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು.

ಫೆಬ್ರವರಿ 11, ಸಂಜೆ

ನಾಳೆ ಮೇಜಿನ ಸುತ್ತ ಕೂರುತ್ತೇವೆ. ಪಿಯರೋಗಿ ಕಡುಬು ಮಾಡಿದೆ. ಆಲೂಗಡ್ಡೆ ಹೂರಣ, ಮೇಲೆ ಹುರಿದ ಈರುಳ್ಳಿ. ತಲೆಗೆ ಮೂರು ಅಂತ ಮಾಡಿಟ್ಟೆ. ಅಮ್ಮ ಹೋದ ಮೇಲೆ ದೊಡ್ಡ ಪಾತ್ರೆ ಇಳಿಸಿದ್ದು ಇದೇ ಮೊದಲು.

ಕನ್ನಡಿ ಮುಂದೆ ಮೂರು ಸಲ ಹೇಳಿ ನೋಡಿದೆ. ಮೂರನೇ ಸಲ ಚೆನ್ನಾಗಿ ಬಂತು.

ಫೆಬ್ರವರಿ 12, ಮಧ್ಯಾಹ್ನ

ಗುಮಾಸ್ತೆ ಮರದ ಪೆಟ್ಟಿಗೆ ತಿರುಗಿಸಿದಳು. ಎರಡು ಚೀಟಿ ಎತ್ತಿದಳು. ಹನ್ನೊಂದು. ಏಳು.

ಹೊರಗೆ.

ಉಳಿದ ಹನ್ನೆರಡು ಜನ ಒಳಗೆ ಹೋದರು. ಆರನೆಯವನು ತಿರುಗಿ ನೋಡಿ ಭುಜ ಕುಣಿಸಿದ. ಬಾಗಿಲು ಮುಚ್ಚಿತು. ಕೋರ್ಟಿನ ಅಧಿಕಾರಿ ನನ್ನ ಕೋಟು ತಂದುಕೊಟ್ಟ. "ನಿಮ್ಮ ಊಟದ ಡಬ್ಬ ಒಳಗಿದೆಯಲ್ಲ ಮೇಡಂ?"

"ಇರ್ಲಿ, ತಿನ್ಲಿ."

ತೀರ್ಪು ಬರುವ ತನಕ ನೀವೂ ಬಾಯಿ ಬಿಡುವಂತಿಲ್ಲ ಎಂದರು ಜಡ್ಜ್. ಬಸ್ಸಿನಲ್ಲಿ ಅತ್ತೆ. ನಾಚಿಕೆಗೆಟ್ಟು ಅತ್ತೆ.

ಫೆಬ್ರವರಿ 14

ಕೋರ್ಟಿನ ಗುಮಾಸ್ತೆಯ ಫೋನು. ತೀರ್ಪು ಬಂತು. ಅಪರಾಧಿ. ಇನ್ನು ನೀವು ಯಾರ ಹತ್ತಿರ ಬೇಕಾದರೂ ಮಾತಾಡಬಹುದು, ಥ್ಯಾಂಕ್ಸ್, ಅಂದಳು.

ಯಾರ ಹತ್ತಿರ?

ಇಲ್ಲೇ ಹೇಳುತ್ತೇನೆ. ನಾಲ್ಕನೇ ಫೋಟೋ. ಮುದುಕಿಯ ಅಡುಗೆಮನೆ. ಮೇಲಿನ ಶೆಲ್ಫಿನಲ್ಲಿ ಕೋಕೋ ಡಬ್ಬಿ, ಮುಚ್ಚಳಕ್ಕೆ ಗಾಯಕ್ಕೆ ಅಂಟಿಸುವ ಬಿಳಿ ಟೇಪು — ಮೂರು ಸುತ್ತು. ನಮ್ಮಮ್ಮನೂ ಹಾಗೇ ಸುತ್ತುತ್ತಿದ್ದಳು. ಕೊನೆಯ ವರ್ಷ ಅವಳ ಮುತ್ತಿನ ಓಲೆ ಕಾಣೆಯಾಯಿತು. ನನ್ನನ್ನೇ ಕಳ್ಳಿ ಅಂದಳು. ಬಂದ ನರ್ಸಿನ ಮುಂದೆ ಅಂದಳು, ಪಾದ್ರಿಯ ಮುಂದೆ ಅಂದಳು, ಸಾಯುವ ತನಕ ಅಂದಳು. ಮಣ್ಣು ಮಾಡಿ ಮೂರು ವಾರಕ್ಕೆ ಅಕ್ಕಿಡಬ್ಬಿಯ ಟೇಪು ಬಿಚ್ಚಿದೆ. ಓಲೆ ಅದರೊಳಗಿತ್ತು. ಓಡಿಹೋಗಿ ಹೇಳಲು ಯಾರೂ ಇರಲಿಲ್ಲ.

ಜೋಸೆಲಿನ್ ಆ ಐದು ದಿನವೂ ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು. ಹಾಗೆ ಕೂತವರನ್ನು ನಾನು ಬಲ್ಲೆ.

ಫೆಬ್ರವರಿ 19

ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತು. ಬಿಡಿಸಲಿಲ್ಲ. ಮೇಲೆ ಹೋಗಿ ಗೇಲ್ ಹತ್ತಿರ ಮತ್ತೆ ಕೋರ್ಟಿಗೆ ಹೋಗಬೇಕು ಎಂದೆ.

"ಯಾರು ಕರೆದ್ರು?"

"ಯಾರೂ ಕರೆದಿಲ್ಲ."

"ಕರೆದ್ರೆ ಸಂಬಳದ ರಜೆ. ಕರೀದೆ ಹೋದ್ರೆ ನಿನ್ನ ಸ್ವಂತ ರಜೆ. ನಾನ್ ಮಾಡಿದ್ ನಿಯಮ ಅಲ್ಲ ಕಣೇ." ಆಮೇಲೆ ಕಂಪ್ಯೂಟರ್ ನೋಡಿ ಕಣ್ಣು ಅಗಲಿಸಿದಳು. "ನಲವತ್ತೊಂದು ದಿನ ಉಳಿದಿದೆ ನಿಂದು! ಎಲ್ಲೂ ಹೋಗೇ ಇಲ್ವಾ ನೀನು?"

ಹೋಗಲು ಊರಿಲ್ಲ, ಕರೆಯುವವರಿಲ್ಲ. ಒಂದು ದಿನ ಬರೆದುಕೋ ಎಂದೆ.

ಫೆಬ್ರವರಿ 20

ಜಡ್ಜ್‌ಗೆ ಕಾಗದ ಬರೆದೆ. ಒಂದು ಪುಟ. ಕೋಕೋ ಡಬ್ಬಿಯ ಜೊತೆಗೆ ಅಮ್ಮನ ವಿಷಯವನ್ನೂ ಬರೆದೆ. ಕೋಟು ತಂದುಕೊಟ್ಟಿದ್ದ ಅಧಿಕಾರಿಯ ಕೈಗೇ ಕೊಟ್ಟೆ. "ಯಾರು ನೀವು?" ಎಂದ. ಎಂಟೇ ದಿನಕ್ಕೆ ಮರೆತಿದ್ದಾನೆ.

"ಏಳನೇ ಕುರ್ಚಿ" ಎಂದೆ. ಊಟದ ಡಬ್ಬದ ಸುದ್ದಿ ಕೇಳಿದೆ. ಗೊತ್ತಿಲ್ಲವಂತೆ. ಅದರ ಮೇಲೆ ಹೆಸರು ಇರಲಿಲ್ಲ.

ಮಾರ್ಚ್ 21

ಒಂದು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಬಸ್, ಸ್ಕ್ಯಾನ್, ಬಸ್.

ಇವತ್ತು ಅಂಚೆಯಲ್ಲಿ ಸಮನ್ಸ್. ಜೋಸೆಲಿನ್ ಕೇಸು ಮತ್ತೆ ಕೇಳುತ್ತಾರಂತೆ, ಸಾಕ್ಷಿಯಾಗಿ ಹಾಜರಾಗಬೇಕು, 29ಕ್ಕೆ. ಹೆಸರು ಪೂರ್ತಿ ಟೈಪಾಗಿದೆ: ವಿಲ್ಮಾ ಸೊಬೊಲ್. ಗೇಲಳ ಕಿಟಕಿಯೊಳಕ್ಕೆ ಚಾಚಿದೆ. ಎರಡು ಸಲ ಓದಿದಳು.

"ಈ ಸಲ ಕರೆದಿದ್ದಾರಲ್ಲೇ!" ಎಂದವಳು, ಫಾರಂ ತಾನೇ ತುಂಬಿಕೊಟ್ಟಳು. 29ರ ಸಂಜೆ ಏನಾಯಿತೆಂದು ಹೇಳಬೇಕಂತೆ. ತನ್ನ ಮನೆಯ ಫೋನ್ ನಂಬರ್ ಚೀಟಿಯಲ್ಲಿ ಬರೆದುಕೊಟ್ಟಳು.

ಮಾರ್ಚ್ 29, ಬೆಳಿಗ್ಗೆ 9:40

ಕೋರ್ಟಿನ ಹೊರಗಿನ ಬೆಂಚು. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಜಾಮೀನಿನ ಮೇಲಿರುವ ಜೋಸೆಲಿನ್ ಬಂದು ಪಕ್ಕದಲ್ಲೇ ಕೂತಳು.

"ಡಬ್ಬಿ ವಿಷ್ಯ ಕಾಗದ ಬರೆದೋರು ನೀವೇನಾ?"

ತಲೆಯಾಡಿಸಿದೆ.

"ಅದಿನ್ನೂ ಶೆಲ್ಫ್ ಮೇಲೇ ಇತ್ತಂತೆ. ಯಾರೂ ಬಿಚ್ಚಿಲ್ಲ. ಜಡ್ಜ್ ಎದುರಿಗೇ ಬಿಚ್ತಾರಂತೆ."

"ಖಾಲಿ ಇದ್ರೆ?" ರಾತ್ರಿಯೆಲ್ಲ ಕೊರೆದ ಮಾತು ಬಾಯಿಂದ ಬಂದೇಬಿಟ್ಟಿತು.

"ಖಾಲಿ ಡಬ್ಬಿಗೆ ಯಾರಮ್ಮ ಮೂರು ಸುತ್ತು ಟೇಪು ಸುತ್ತುತ್ತಾರೆ?" ಎಂದಳು. ನಕ್ಕಳು. ಕಣ್ಣು ಮತ್ತೆ ಅಂಗೈಗೇ ಇಳಿಯಿತು. ಆ ಕೈ ಹಿಡಿದುಕೊಂಡೆ. ಎಡಗೈಯಲ್ಲಿ ಅವಳ ಕೈ, ಬಲಗೈಯಲ್ಲಿ ಪೆನ್ನು.

ಈಗಷ್ಟೇ ಪೊಲೀಸ್ ಒಬ್ಬ ಪ್ಲಾಸ್ಟಿಕ್ ಚೀಲ ಹಿಡಿದು ಒಳಗೆ ಹೋದ. ಕೋಕೋ ಡಬ್ಬಿ. ಟೇಪು ಹಾಗೇ ಇದೆ. ನಡೆದಾಗ ಒಳಗೆ ಏನೋ ಕಿಣಿ ಅಂದ ಹಾಗಾಯಿತು, ಇಬ್ಬರಿಗೂ ಕೇಳಿಸಿತು, ಅಥವಾ...

ಬಾಗಿಲು ತೆರೆಯಿತು. ಅದೇ ಅಧಿಕಾರಿ. ನಂಬರಲ್ಲ, ನನ್ನ ಹೆಸರು ಹಿಡಿದು ಕರೆಯುತ್ತಿದ್ದಾ—