ಸದ್ದಿಲ್ಲದ ಬೀದಿಯನ್ನು ಅಕ್ಕ ದಾಟುವುದು ಹೇಗೆ?

ನಗರಾಡಳಿತದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಣ್ಣು ಕಾಣದ ನನ್ನ ಅಕ್ಕನ ರಕ್ಷಣೆಗಾಗಿ ತಾವು ನಮ್ಮ ಬೀದಿಯ ತಿರುವಿನಲ್ಲಿ ಒಂದು ಫಲಕ ನೆಡಿಸಿದ್ದೀರಿ. ‘ಎಚ್ಚರಿಕೆ! ಸದ್ದಿಲ್ಲದ ವಾಹನಗಳು ಓಡಾಡುತ್ತವೆ, ನೋಡಿಕೊಂಡು ರಸ್ತೆ ದಾಟಿ’ ಎಂದು ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ಬರೆಸಿದ್ದೀರಿ. ಅಕ್ಷರ ದಪ್ಪಗಿದೆ, ಕಾಗುಣಿತ ಸರಿಯಾಗಿದೆ, ಬಣ್ಣಕ್ಕೆ ಜಿಪುಣತನ ಮಾಡಿಲ್ಲ. ಕುರುಡರ ಕೈಗೆ ಕನ್ನಡಿ ಕೊಟ್ಟರು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಆ ಕನ್ನಡಿಗೆ ಕಂಬ ಹಾಕಿ, ಬುಡಕ್ಕೆ ಕಾಂಕ್ರೀಟ್ ಸುರಿದು ನಿಲ್ಲಿಸಿದ್ದನ್ನು ನೋಡಿದ್ದು ಇದೇ ಮೊದಲು. ನನ್ನ ಅಹವಾಲು ಇಷ್ಟೇ: ತಮ್ಮ ಒಂದು ಆದೇಶದಿಂದಾಗಿ ನನ್ನ ಅಕ್ಕ ತನ್ನ ಬೀದಿಯನ್ನು ತಾನೇ ದಾಟಲಾರದೆ ಮನೆಯಲ್ಲಿ ಕೂತಿದ್ದಾಳೆ. ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸಾಕಾಗಿ, ಈಗ ಊರವರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಸಿಟ್ಟು ಮಾಡಲೂ ತ್ರಾಣ ಬೇಕು.

ಮೊದಲೇ ಹೇಳಿಬಿಡುತ್ತೇನೆ, ನಾನು ವಿದ್ಯುತ್ ವಾಹನ ಕಾರ್ಖಾನೆಯ ವಿರೋಧಿಯಲ್ಲ. ಹಾಗೆ ಹೇಳಿದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ನೂಲಿನ ಗಿರಣಿ ಮುಚ್ಚಿದ ಮೇಲೆ ಈ ಊರು ಹೇಗಿತ್ತೆಂದು ತಮಗೆ ಗೊತ್ತಿರಲಿಕ್ಕಿಲ್ಲ. ತಾವು ಬಂದದ್ದು ರಿಬ್ಬನ್ ಕತ್ತರಿಸುವ ಹೊತ್ತಿಗೆ. ಬಸ್‌ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಲಾಡ್ಜ್ ಇದೆ. ಆಗ ಕೊನೆಯ ಬಸ್ಸು ತಪ್ಪಿಸಿಕೊಂಡವರು ಬಿಟ್ಟರೆ ಇನ್ನೊಬ್ಬ ಗಿರಾಕಿ ಇರಲಿಲ್ಲ. ಮೇಲಿನ ಕೋಣೆಯ ಬಾಗಿಲು ತೆಗೆದರೆ ಇಲಿಗಳು ‘ಯಾರು ಬೇಕಿತ್ತು?’ ಎನ್ನುವಂತೆ ನನ್ನನ್ನೇ ನೋಡುತ್ತಿದ್ದವು. ಪಕ್ಕದ ಕ್ಷೌರಿಕ ಗಿರಾಕಿಯಿಲ್ಲದೆ ತನ್ನ ಮೀಸೆಯನ್ನೇ ದಿನಕ್ಕೆರಡು ಸಲ ಕತ್ತರಿಸಿಕೊಳ್ಳುತ್ತಿದ್ದ. ಈಗ ನೋಡಿ, ಗಿರಣಿಯ ಜಾಗದಲ್ಲೇ ಕಾರ್ಖಾನೆ ಎದ್ದಿದೆ. ಹಗಲು ಪಾಳಿಯವನು ಎದ್ದ ಹಾಸಿಗೆ ಆರುವ ಮೊದಲೇ ರಾತ್ರಿ ಪಾಳಿಯವನು ಬಂದು ಮಲಗುತ್ತಾನೆ. ಕ್ಷೌರಿಕ ಗಿರಗಿರ ತಿರುಗುವ ಎರಡು ಹೊಸ ಕುರ್ಚಿ ಹಾಕಿಸಿದ್ದಾನೆ. ದರ್ಜಿಗೆ ಸಮವಸ್ತ್ರ ಹೊಲಿದು ಬಿಡುವಿಲ್ಲ. ನಾವೆಲ್ಲ ಹೊಟ್ಟೆ ತುಂಬ ಉಣ್ಣುತ್ತಿದ್ದೇವೆ, ಸುಳ್ಳು ಹೇಳುವುದಿಲ್ಲ.

ಉಂಡವರಲ್ಲಿ ನನ್ನ ಅಕ್ಕನೂ ಒಬ್ಬಳು. ಎಳವೆಯಲ್ಲಿ ಬಂದ ಜ್ವರಕ್ಕೆ ಕಣ್ಣು ಕಳೆದುಕೊಂಡವಳು, ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಲಿತು ತನ್ನ ಅನ್ನ ತಾನೇ ದುಡಿದುಕೊಂಡಳು. ಅವಳ ಮಲಗುವ ಕೋಣೆ ಲಾಡ್ಜಿನ ಹಿಂಭಾಗದಲ್ಲಿ. ಕೆಲಸದ ಕೊಟ್ಟಿಗೆ, ಬೆತ್ತ ನೆನೆಹಾಕುವ ತೊಟ್ಟಿ, ಎಲ್ಲ ಬೀದಿಯ ಆಚೆಗೆ. ನಡುವೆ ಇರುವುದು ಒಂದು ರಸ್ತೆ. ಅದನ್ನು ಅವಳು ಕಿವಿಯಿಂದಲೇ ದಾಟುತ್ತಿದ್ದಳು. ಲಾರಿ ಎಲ್ಲಿದೆ, ಸೈಕಲ್ಲು ಎಷ್ಟು ದೂರ, ಬಸ್ಸು ನಿಂತಿತೋ ಹೊರಟಿತೋ, ಎಲ್ಲ ಗೊತ್ತಾಗುತ್ತಿತ್ತು. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಅವಳ ಕಸುಬು ಮೂಲೆ ಸೇರಿತ್ತು. ಕಾರ್ಖಾನೆ ಬಂತು, ಹೊಸ ಕಚೇರಿಗಳು ಬಂದವು, ಹೊಸ ದುಡ್ಡಿನವರಿಗೆ ಹಳೆ ಕಾಲದ ಬೆತ್ತದ ಕುರ್ಚಿಯೇ ಬೇಕೆನಿಸಿತು. ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕೆಲಸ. “ಕೂದಲು ನೆರೆತ ಮೇಲೆ ಬೇಡಿಕೆ ಬಂತು ನೋಡೋ ನಂಗೆ,” ಎಂದು ಅಕ್ಕ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ.

ಆಮೇಲೆ ಪರೀಕ್ಷೆಯ ಓಡಾಟ ಶುರುವಾಯಿತು. ಹೊಸ ಸ್ಕೂಟರ್ ಗಾಡಿಗಳನ್ನು ಕೆಟ್ಟ ರಸ್ತೆಯಲ್ಲಿ ಓಡಿಸಿ ನೋಡಬೇಕಂತೆ. ಕಾರ್ಖಾನೆಯ ಒಳಗಿನ ರಸ್ತೆ ನುಣ್ಣಗಿದೆ. ಆದ್ದರಿಂದ ನಮ್ಮ ಬೀದಿಯನ್ನು ಆರಿಸಿಕೊಂಡರು. ಹೊಂಡ ಮುಚ್ಚದೆ ಬಿಟ್ಟದ್ದರಿಂದ ತಮ್ಮ ಕಚೇರಿಯೂ ಕೈಗಾರಿಕಾ ಪ್ರಗತಿಗೆ ಕೈಜೋಡಿಸಿದಂತಾಯಿತು ಎಂದು ನಾವು ಹೆಮ್ಮೆಪಟ್ಟೆವು. ಆದರೆ ಆ ಗಾಡಿಗಳು ಸದ್ದು ಮಾಡುವುದಿಲ್ಲವಲ್ಲ! ಮೊದಲ ದಿನವೇ ಒಂದು ಗಾಡಿ ಅಕ್ಕನ ತೋಳು ಸವರಿಕೊಂಡು ಹೋಯಿತು. ಓಡಿಸುತ್ತಿದ್ದವನು ನನ್ನ ಲಾಡ್ಜಿನಲ್ಲೇ ಇರುವ ಹುಡುಗ. ಎತ್ತರದ ಆಸಾಮಿ, ಬಾಗಿಲು ಬಂದಲ್ಲೆಲ್ಲ ತಲೆ ತಗ್ಗಿಸುತ್ತಾನೆ. ಅವನನ್ನು ನಾವು ಉದ್ದಣ್ಣ ಎಂದೇ ಕರೆಯುವುದು. ಸಂಜೆ ಸವಾರರನ್ನೆಲ್ಲ ಕರೆದುಕೊಂಡು ಕ್ಷಮೆ ಕೇಳಲು ಬಂದ.

“ತಪ್ಪಾಯ್ತು ಅಕ್ಕಾ. ಇನ್ಮೇಲೆ ಹಾರ್ನ್ ಹೊಡ್ಕೊಂಡೇ ಬರ್ತೀವಿ.”

“ಹಾರ್ನ್ ಬೇಡ ಮಾರಾಯ. ಒಮ್ಮೆ ಕಿರ್ ಅಂದು ನಿಂತ್ಹೋಗುತ್ತೆ, ಎದೆ ಧಸಕ್ಕನ್ನುತ್ತೆ, ಯಾವ ಕಡೆಯಿಂದ ಬಂತು ಅಂತಾನೇ ತಿಳಿಯಲ್ಲ,” ಎಂದಳು ಅಕ್ಕ. “ಗಾಡಿಗೆ ಬಾಯಿಲ್ಲ ಸರಿ. ನಿಮಗೂ ಇಲ್ವಾ?”

ಮರುದಿನದಿಂದ ಅವರು ಕೂಗತೊಡಗಿದರು. ತಿರುವಿನಲ್ಲಿ “ಅಕ್ಕಾ, ಬಂದೇ...” ಎಂದು ಶುರುಮಾಡಿದರೆ ಲಾಡ್ಜ್ ದಾಟುವವರೆಗೂ ಎಳೆಯುತ್ತಿದ್ದರು. ಒಬ್ಬ ರಾಗವಾಗಿ, ಒಬ್ಬ ಕರ್ಕಶವಾಗಿ. ನಾಚಿಕೆ ಸ್ವಭಾವದ ಒಬ್ಬನಿಗೆ ಕೂಗಲು ಬಾಯಿ ಬರದೆ, ಬೀದಿಯುದ್ದಕ್ಕೂ ಕೆಮ್ಮಿಕೊಂಡೇ ಹೋಗುತ್ತಿದ್ದ. ಅಕ್ಕ ಅಂಚಿನಲ್ಲಿ ಕೋಲು ಊರಿ ನಿಂತು “ಹೋಗಪ್ಪಾ ಹೋಗು” ಎಂದು ದಾರಿ ಬಿಟ್ಟು, ಆಮೇಲೆ ದಾಟುತ್ತಿದ್ದಳು. ಮಾನ್ಯರೇ, ಇದಕ್ಕೆ ಒಂದು ಸಭೆ ಆಗಲಿಲ್ಲ, ಒಂದು ಸಮಿತಿ ಕೂರಲಿಲ್ಲ. ಬಹುಶಃ ಅದೇ ತಪ್ಪಾಯಿತು.

ಏಕೆಂದರೆ ತಾವು ಅತಿಥಿಗಳನ್ನು ಕರೆದುಕೊಂಡು ಬಂದಿರಿ. ನಮ್ಮ ಊರನ್ನು ‘ನಿಶ್ಶಬ್ದ ನಗರ’ ಎಂದು ಜಗತ್ತಿಗೆ ಪರಿಚಯಿಸುವ ಯೋಜನೆ ತಮ್ಮದು. ಸ್ವಾಗತ ಕಮಾನಿನ ಮೇಲೂ ಹಾಗೆಂದೇ ಬರೆಸಿದ್ದೀರಿ. ಅತಿಥಿಗಳು ನಮ್ಮ ಬೀದಿಯಲ್ಲಿ ನಿಂತು ತಲೆದೂಗುತ್ತಿರುವಾಗ, ಉದ್ದಣ್ಣ ಎಂದಿನಂತೆ ಗಂಟಲು ಹರಿಯುವ ಹಾಗೆ “ಅಕ್ಕಾ, ಬಂದೇ...” ಎಂದು ಬಂದ. ಅತಿಥಿಗಳು ನಕ್ಕರು. ತಾವು ನಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಆದೇಶ ಬಂತು: ‘ಈ ಬೀದಿಯನ್ನು ಮೌನ ವಲಯವೆಂದು ಘೋಷಿಸಲಾಗಿದೆ. ಪರೀಕ್ಷಾ ಸವಾರರು ಕೂಗುವುದು, ಹಾಡುವುದು, ಹಾರ್ನ್ ಮಾಡುವುದು ಮತ್ತು ಇತರ ಯಾವುದೇ ಸದ್ದು ಮಾಡುವುದನ್ನು ನಿಷೇಧಿಸಲಾಗಿದೆ.’ ಕೆಮ್ಮುವ ಹುಡುಗ ನನ್ನ ಬಳಿ ಬಂದು, “ಅಣ್ಣಾ, ಇತರ ಸದ್ದು ಅಂದ್ರೆ ಕೆಮ್ಮೂ ಸೇರುತ್ತಾ?” ಎಂದು ಕೇಳಿದ. ನಾನು ಏನು ಹೇಳಲಿ? ಸೇರುತ್ತದೆಯೇ ಮಾನ್ಯರೇ?

ಆದೇಶ ಬಂದ ಮೇಲೂ ಅಕ್ಕ ದಾಟಿದಳು, ಹಟಮಾರಿ. ಒಂದು ಮಧ್ಯಾಹ್ನ ನಡುರಸ್ತೆಯಲ್ಲಿ ಅವಳ ಕೋಲು ಗಾಡಿಯ ಚಕ್ರಕ್ಕೆ ಸಿಕ್ಕಿ ಎರಡು ತುಂಡಾಯಿತು, ಅವಳು ಬಿದ್ದಳು. ಮೊಣಕಾಲು ತರಚಿ, ಮಣಿಕಟ್ಟು ಬಾತುಕೊಂಡಿತು. ಅದೆಲ್ಲ ವಾಸಿಯಾಯಿತು. ಹೊಸ ಕೋಲೂ ತಂದುಕೊಟ್ಟೆ. ಆದರೆ ಅವಳು ಹೊಸಿಲ ತನಕ ಬಂದು ನಿಂತುಬಿಟ್ಟಳು. “ಕಿವಿ ಮೇಲಿನ ನಂಬಿಕೆ ಹೋಯ್ತು ಕಣೋ,” ಎಂದಳು. “ಇಷ್ಟು ದಿನ ನಂಗೆ ಕಣ್ಣಿಲ್ಲ ಅಂತ ಅನ್ನಿಸಿರಲಿಲ್ಲ.” ಇದನ್ನು ಅವಳ ಮಾತಿಗಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ.

ಅಂದಿನಿಂದ ನನ್ನ ತಿರುಗಾಟ ಶುರು. ಕಾರ್ಖಾನೆಯ ವ್ಯವಸ್ಥಾಪಕರನ್ನು ಕಂಡೆ. “ಹುಡುಗರು ಕೂಗಿದ್ರೆ ನಮ್ಮದೇನೂ ಅಭ್ಯಂತರ ಇಲ್ಲ. ಆದ್ರೆ ಆದೇಶ ಇದೆಯಲ್ಲ,” ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಪೂಜಾರಿಯನ್ನೇ ಕೇಳೋಣವೆಂದು ತಮ್ಮ ಕಚೇರಿಗೆ ಬಂದೆ. ತಾವು ಒಮ್ಮೆ ಸಭೆಯಲ್ಲಿದ್ದಿರಿ, ಒಮ್ಮೆ ಸಭೆಗೆ ಹೊರಟಿದ್ದಿರಿ, ಒಮ್ಮೆ ಸಭೆ ಮುಗಿಸಿ ದಣಿದಿದ್ದಿರಿ. ಬೀದಿಯವರ ಸಹಿ ಹಾಕಿಸೋಣವೆಂದರೆ ಕ್ಷೌರಿಕನೇ ಹಿಂಜರಿದ. “ಉಂಡ ಮನೆಗೆ ಎರಡು ಬಗೀಬೇಡ ಮಾರಾಯ,” ಎಂದ. “ನಾವು ಗಲಾಟೆ ಮಾಡಿ, ಅವರು ಬೇರೆ ಊರಿಗೆ ಹೋದ್ರೆ? ಮತ್ತೆ ಇಲಿ ಕಾಯ್ತೀಯಾ?” ಅವನನ್ನು ನಾನು ಬೈಯಲಾರೆ. ಹಸಿದ ದಿನಗಳನ್ನು ಕಂಡವರಿಗೆ ಈ ಭಯ ಸುಲಭಕ್ಕೆ ಬಿಡುವುದಿಲ್ಲ. ಆದರೆ ಕಾರ್ಖಾನೆ ಬೇಡ ಎಂದು ಯಾರು ಹೇಳಿದರು? ಒಬ್ಬ ಹುಡುಗ ಬಾಯಿಬಿಟ್ಟರೆ ಓಡಿಹೋಗುವಷ್ಟು ನಾಜೂಕಿನದೇ ನಮ್ಮ ಉದ್ಧಾರ?

ಕೊನೆಗೆ ತಮ್ಮಿಂದ ಲಿಖಿತ ಉತ್ತರ ಬಂತು. ಫಲಕ ಹಾಕಲಾಗುವುದು, ‘ಸದರಿ ಮಹಿಳೆಯು ಸಹಾಯಕರ ನೆರವಿನಿಂದ ರಸ್ತೆ ದಾಟತಕ್ಕದ್ದು, ಅಥವಾ ಕಾರ್ಯಸ್ಥಳವನ್ನು ವಾಸದ ಬದಿಗೆ ಸ್ಥಳಾಂತರಿಸತಕ್ಕದ್ದು.’ ಓದಿ ಹೇಳಿದೆ. ಅಕ್ಕ ಎಂದಳು: “ಕೈ ಹಿಡಿದು ದಾಟಿಸೋಕೆ ಬೀದೀಲಿ ಹತ್ತು ಜನ ಇದ್ದಾರೆ, ನೀನೂ ಇದ್ದೀಯ. ನಂಗೆ ನೀರಡಿಕೆ ಆದಾಗ, ಬೆತ್ತ ಮುಗಿದಾಗ, ಊಟಕ್ಕೆ ಬರಬೇಕಾದಾಗ, ಪ್ರತಿ ಸಲ ಯಾರನ್ನಾದ್ರೂ ಕೂಗ್ತಾ ಕೂರ್ಲಾ? ಈ ವಯಸ್ಸಲ್ಲಿ ನನ್ನನ್ನ ಸಾಮಾನು ಸಾಗಿಸಿದ ಹಾಗೆ ಸಾಗಿಸ್ತೀರಾ?” ಲಾಡ್ಜಿನ ಮೂಲೆ ಕೋಣೆಯನ್ನು ಖಾಲಿ ಮಾಡಿಸಿ ಕೊಡುತ್ತೇನೆಂದೆ. “ನನ್ನನ್ನ ಒಳಗೆ ಕೂರಿಸೋಕೆ ಎಲ್ರಿಗೂ ಎಷ್ಟು ಅವಸರ!” ಎಂದಳು.

ಇನ್ನು ಉದ್ದಣ್ಣನ ವಿಷಯ. ಕೂಗುವಂತಿಲ್ಲ, ಅಕ್ಕ ಹೊಸಿಲು ದಾಟುತ್ತಿಲ್ಲ ಎಂದಾಗ ಅವನು ಒಂದು ಉಪಾಯ ಕಂಡುಕೊಂಡ. ತಿರುವಿನಲ್ಲಿ ಗಾಡಿಯಿಂದ ಇಳಿದು, ಚಪ್ಪಲಿಯನ್ನು ಪರಪರ ಎಳೆಯುತ್ತ, ಗಾಡಿಯನ್ನು ಕೈಯಲ್ಲಿ ತಳ್ಳಿಕೊಂಡು ಲಾಡ್ಜ್ ದಾಟಿಸತೊಡಗಿದ. ಮೊದಲ ದಿನ ಅಕ್ಕ ಹೊಸಿಲಲ್ಲಿ ಕಿವಿಗೊಟ್ಟು ನಿಂತಳು. ನಕ್ಕಳು. “ಉದ್ದಣ್ಣಾ, ಚಪ್ಪಲಿ ಸವೆದ್ರೆ ಲೆಕ್ಕ ಯಾರಿಗೋ?” ಎಂದು ಕೇಳಿ, ಕೋಲು ಊರಿ ದಾಟಿಯೇಬಿಟ್ಟಳು. ಅವನು ತಳ್ಳುವುದು ಕಂಡರೆ ಉಳಿದ ಸವಾರರೂ ನಿಲ್ಲುತ್ತಿದ್ದರು. ಅವನು ಬರುವ ಹೊತ್ತಿಗೆ ಹೋಗುವುದು, ಅವನು ಬರುವ ಹೊತ್ತಿಗೆ ಬರುವುದು. ಅದೂ ಬಹಳ ದಿನ ನಡೆಯಲಿಲ್ಲ. ಚಪ್ಪಲಿಯ ಸದ್ದು ‘ಇತರ ಯಾವುದೇ ಸದ್ದಿ’ನ ಅಡಿಯಲ್ಲಿ ಬರುತ್ತದೆಂದು ತಮ್ಮ ಮೌನ ವಲಯದ ಮೇಲ್ವಿಚಾರಕರು ವರದಿ ಕೊಟ್ಟರು. ಕಾರ್ಖಾನೆಯವರು ಅವನನ್ನು ಗಾಡಿಯಿಂದ ಇಳಿಸಿ, ರಟ್ಟಿನ ಪೆಟ್ಟಿಗೆಗೆ ಅಂಟು ಹಚ್ಚುವ ಕೆಲಸಕ್ಕೆ ಹಾಕಿದ್ದಾರೆ. ಅಂದಿನಿಂದ ಅಕ್ಕ ಹೊಸಿಲಿನಾಚೆ ಕಾಲಿಟ್ಟಿಲ್ಲ. ಆಚೆ ತೊಟ್ಟಿಯಲ್ಲಿ ನೆನೆಹಾಕಿದ್ದ ಬೆತ್ತ ಕೊಳೆತು ನಾರುತ್ತಿದೆ.

ಮೊನ್ನೆ ತಮ್ಮ ಕಚೇರಿಯ ಜವಾನ ಲಾಡ್ಜಿಗೆ ಬಂದ. ಆದೇಶ ರದ್ದಾಯಿತೇನೋ ಎಂದು ನಾನು ಎದ್ದು ನಿಂತೆ. ಅವನು ಬಂದದ್ದು ಕುರ್ಚಿಗಳಿಗಾಗಿ. ತಮ್ಮ ಸಭಾಂಗಣದ ಬೆತ್ತದ ಕುರ್ಚಿಗಳನ್ನು ಹೊಸದಾಗಿ ಹೆಣೆಯಲು ಅಕ್ಕನಿಗೇ ಕೊಟ್ಟಿದ್ದಿರಂತೆ. ತಮಗೆ ನೆನಪಿರಲಿಕ್ಕಿಲ್ಲ.

“ಬರೋ ವಾರ ಮತ್ತೆ ಅತಿಥಿಗಳು ಬರ್ತಾರಮ್ಮ. ಸಾಹೇಬ್ರು ಕುರ್ಚಿ ಕೇಳ್ತಿದ್ದಾರೆ,” ಎಂದ.

“ಕುರ್ಚಿ ರಸ್ತೆ ಆಚೆ ಇದಾವಪ್ಪ, ಕೂರೋ ಜಾಗದಲ್ಲಿ ತೂತು ಹಾಗೇ ಇದೆ,” ಎಂದಳು ಅಕ್ಕ. “ಹೆಣೆಯೋಳು ಈಚೆ ಇದ್ದೀನಿ. ಅಷ್ಟು ಹೇಳು ಸಾಹೇಬ್ರಿಗೆ.”

ಪಾಪ, ಅವನು ಹೇಳಲು ಹೆದರಿರಬಹುದು. ಅದಕ್ಕೇ ನಾನು ಹೇಳುತ್ತಿದ್ದೇನೆ. ಆ ನಿಷೇಧದ ಸಾಲನ್ನು ಹೊಡೆದುಹಾಕಿ. ಉದ್ದಣ್ಣನನ್ನು ಮತ್ತೆ ಗಾಡಿ ಹತ್ತಿಸಿ. ಹುಡುಗರು ಬಾಯ್ತುಂಬ ಕೂಗಲಿ, ನನ್ನ ಅಕ್ಕ ತಾನಾಗಿ ದಾಟಲಿ. ಅಲ್ಲಿಯವರೆಗೆ ಅತಿಥಿಗಳನ್ನು ದಯವಿಟ್ಟು ನಿಲ್ಲಿಸಿಯೇ ಮಾತಾಡಿಸಿ.

ಇಂತಿ,
ಊರಿನ ಉದ್ಧಾರದಲ್ಲಿ ತನ್ನ ಪಾಲು ಉಂಡ,
ಉಂಡದ್ದಕ್ಕೆ ಬಾಯಿ ಮುಚ್ಚಿಕೊಂಡಿರಲಾಗದ
ಒಬ್ಬ ಲಾಡ್ಜಿನವನು