ಉಕ್ಕಿಗೂ ವಿಶ್ರಾಂತಿ ಕೊಟ್ಟ ಕಚೇರಿಗೆ

ನೆರೆ ಪರಿಹಾರದ ಹೊಣೆ ಹೊತ್ತ ಮಾನ್ಯರೇ,

ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿರುವ ನನ್ನ ಮಗಳು ಮಾಯಾಳನ್ನು ನಾಳೆ ಬೆಳಿಗ್ಗೆ ನಿಮ್ಮ ಹೆಲಿಕಾಪ್ಟರಿಗೆ ಹತ್ತಿಸಬೇಕೆಂದು ಅಪ್ಪಣೆಯಾಗಿದೆ. ಅದರ ಜೊತೆಗೇ ಕೊಂಡ ಜೋಡಿ ಹೆಲಿಕಾಪ್ಟರು ಹೋದ ವರ್ಷದ ನೆರೆಯಲ್ಲಿ ನಮ್ಮ ಕಣ್ಣೆದುರೇ ಕಬ್ಬಿನಲ್ಲಿ ಬಿತ್ತು. ರೊಟ್ಟಿ ಗಂಟು ಇಳಿಸಲು ಅದರಲ್ಲಿ ಹೋಗಿದ್ದ ನೆರೆಮನೆಯ ಗಿರಮಲ್ಲಪ್ಪನೂ ಉಳಿಯಲಿಲ್ಲ, ಪೈಲಟ್ಟೂ ಉಳಿಯಲಿಲ್ಲ. ಹಿಪ್ಪರಗಿ ಕಡೆಯ ನಮ್ಮ ತೋಟದ ಮನೆಗಳ ವಸ್ತಿಗೆ ಈಗ ಸುತ್ತ ಹೊಳೆ, ಮೇಲೆ ಮಳೆ, ನಡುವೆ ತಮ್ಮ ಕರುಣೆಯ ಕಳೆ. ಈ ಪತ್ರವನ್ನೂ ಫೋನಿನಲ್ಲಿ ಓದಿ ಹೇಳುತ್ತಿದ್ದೇನೆ. ಜಮಖಂಡಿಯ ಪತ್ರಿಕೆಯವರು ಬರೆದುಕೊಳ್ಳುತ್ತಿದ್ದಾರೆ.

ಅಂದು ಬಾಲದ ರೆಕ್ಕೆ ತಿರುಗಿಸುವ ಉಕ್ಕಿನ ರಾಡು 'ಲೋಹದ ಆಯಾಸ'ದಿಂದ ತುಂಡಾಯಿತೆಂದು ತನಿಖೆಯವರು ಹೇಳಿದರು. ತಮ್ಮ ಪ್ರಕಟಣೆಯಲ್ಲಿ 'ಲೋಹದ' ಎಂಬ ಪದ ಮಾಯವಾಗಿ ಬರೀ 'ಆಯಾಸ' ಉಳಿಯಿತು. ಲೋಹಕ್ಕೆಲ್ಲಿಯ ಆಯಾಸ ಎಂದು ಯಾರೋ ಜಾಣರು ತಿದ್ದಿರಬೇಕು. ಆ ತಿದ್ದುಪಡಿಯ ಫಲ ನಿನ್ನೆ ತಮ್ಮ ಕಚೇರಿಗೆ ಫೋನು ಮಾಡಿದಾಗ ಸಿಕ್ಕಿತು.

"ಹೆದರಬ್ಯಾಡ್ರಿ. ಈ ಸಲ ಪೈಲಟ್ ಸಾಹೇಬ್ರಿಗೆ ಎರಡ ದಿನಾ ರಜಾ ಕೊಟ್ಟೇವಿ. ಆಯಾಸ ಏನೂ ಉಳದಿಲ್ಲ."

"ದಣದಿದ್ದು ರಾಡ್ ರೀ ಸಾಹೇಬ್ರ, ಮನಶ್ಯಾ ಅಲ್ಲ."

"ಈ ಹೆಲಿಕಾಪ್ಟರಿನ ರಾಡಿಗೂ ಒಂದ ವರ್ಷ ಶೆಡ್ಡಿನ್ಯಾಗ ರೆಸ್ಟ್ ಕೊಟ್ಟೇವಲ್ರೀ!"

ಮಾನ್ಯರೇ, ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಮುರಿಯುತ್ತದೆ. ಮುರಿಯುವ ಮುಂಚೆ ಅದನ್ನು ಗಾದಿಯ ಮೇಲೆ ಮಲಗಿಸಿ ಜೋಗುಳ ಹಾಡಿದರೆ ಗಟ್ಟಿಯಾಗುತ್ತದೆಯೇ? ಮನುಷ್ಯನ ದಣಿವು ನಿದ್ದೆಗೆ ಇಳಿಯುತ್ತದೆ. ಉಕ್ಕಿನ ದಣಿವು ಒಳಗೇ ಉಳಿಯುತ್ತದೆ. ಬದಲಿಸಬೇಕಾದದ್ದು ರಾಡು. ತಾವು ಬದಲಿಸಿದ್ದು ವಾಕ್ಯ.

ದೋಣಿ ಕೇಳಿದೆವು. ಎಂಜಿನ್ ಇರುವ ದೋಣಿಯನ್ನು ಗಣ್ಯರ ಪ್ರವಾಹ ವೀಕ್ಷಣೆಗೆ ಕಾದಿರಿಸಲಾಗಿದೆಯಂತೆ. ಮುಳುಗಿದವರನ್ನು ನೋಡಲು ದೋಣಿ, ಮುಳುಗುವವರಿಗೆ ಆಕಾಶದ ಏಣಿ!

ಕೂಸು ಅಡ್ಡ ಮಲಗಿದೆ, ಆಪರೇಶನ್ ಆಗಲೇಬೇಕು ಎಂದು ನೀರೇರುವ ಮೊದಲೇ ಡಾಕ್ಟರು ಹೇಳಿದ್ದಾರೆ. ಹೆಂಡತಿ ಇಂದ್ರವ್ವ ಗಿರಮಲ್ಲಪ್ಪನ ಮನೆಯತ್ತ ನೋಡಿ, "ಆ ಹಕ್ಕಿ ಹೊಟ್ಯಾಗ ನನ್ನ ಮಗಳನ್ನ ಹಾಕಂಗಿಲ್ಲ" ಎಂದು ಬಾಗಿಲಿಗೆ ಅಡ್ಡ ಕೂತಿದ್ದಾಳೆ. ನಾನು ಈ ಪತ್ರಕ್ಕೆ ಇನ್ನೊಂದು ಪ್ರಾಸ ಹುಡುಕುತ್ತಿದ್ದಾಗ ಮಾಯಾ ಬೆನ್ನು ಹಿಡಿದುಕೊಂಡೇ ರೇಗಿದಳು: "ಅಪ್ಪಾ, ಜೋಡಸೂದು ಸಾಕ್ ಮಾಡೋ. ರಾಡ್ ಹೊಸಾದೋ ಹಳೇದೋ, ಅಷ್ಟ ಕೇಳು."

ಅಷ್ಟೇ ಕೇಳುತ್ತಿದ್ದೇನೆ. ಹೊಸದೋ, ಹಳೆಯದೋ? ಹೊಸದಾದರೆ ಇಂದ್ರವ್ವನನ್ನು ನಾನೇ ಒಪ್ಪಿಸುತ್ತೇನೆ. ಹಳೆಯದಾದರೆ ಇಂದೇ ದೋಣಿ ಕಳಿಸಿ. ಉತ್ತರ ಬಾರದಿದ್ದರೂ ಬೆಳಿಗ್ಗೆ ಮಗಳನ್ನು ಹತ್ತಿಸುತ್ತೇನೆ, ಏಕೆಂದರೆ ಕೂಸು ಕಾಯುವುದಿಲ್ಲ. ಅದು ತಮಗೂ ಗೊತ್ತಿದೆ, ಹಾಗಾಗಿ ಉತ್ತರಿಸುವ ಗೋಜಿಗೇ ಹೋಗಲಾರಿರಿ ಎಂಬುದೇ ನನ್ನ ಭಯ.

ಇಂತಿ,
ತಮ್ಮ ಒಂದೇ ಒಂದು ಪದಕ್ಕೆ ಕಿವಿಯಾನಿಸಿ ಕೂತಿರುವ,
ಮಹಾಲಿಂಗ, ಬಿ.ಎ., ಕನ್ನಡ ಮಾಧ್ಯಮ