ಹನ್ನೊಂದನೆಯ ದಿನದ ಬಾಟಲಿ

ಅಥಣಿ ರಸ್ತೆ, ವಿಜಯಪುರ
14 ನವೆಂಬರ್ 2024, ಗುರುವಾರ
ಲ್ಯಾಬಿನಲ್ಲಿ ಊಟದ ಬಿಡುವು.

ಅಬ್ಬಾ ಅವರಿಗೆ ಯಾಸ್ಮೀನಳ ಸಲಾಂ.

ಬರೆಯದೆ ಎರಡು ತಿಂಗಳಾಯಿತು, ಸಿಟ್ಟಾಗಬೇಡಿ. ಫೋನಿನಲ್ಲಿ ಹೇಳಿದರೆ ಅಮ್ಮಿ ಸ್ಪೀಕರ್ ಹಾಕಿ ಟಿಕೋಟಾದ ಅರ್ಧ ಓಣಿಗೆ ಕೇಳಿಸುತ್ತಾರೆ.

ನಾನು ಗೆದ್ದೆ, ಅಬ್ಬಾ. ಮಮದಾಪುರದಲ್ಲಿ ಆಡು ಕಾಯುವ ಮಾಳುಗೆ ನಾಲ್ಕು ತಿಂಗಳಿಂದ ಜ್ವರವಿತ್ತು. ಬೆಳಿಗ್ಗೆ ಚೆನ್ನಾಗಿರುತ್ತಿದ್ದ, ಸಂಜೆ ಮೈ ಕಾದು, ಬೆವತು ಮಲಗುತ್ತಿದ್ದ. ಊರವರು ದುಡಿಯದಿರುವ ನೆಪ ಅಂದರಂತೆ. ನಾನು ಆಡಿನ ವ್ಯಾಪಾರಿಯ ಮಗಳಲ್ಲವೇ, ಅವನ ಹೆಂಡತಿ ರುದ್ರವ್ವನನ್ನು ಆಡುಗಳ ಬಗ್ಗೆ ಕೇಳಿದೆ. ಮೂರು ಆಡು ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಸತ್ತ ಮರಿಗಳನ್ನು ಮಾಳು ಬರಿಗೈಯಲ್ಲೇ ಎಳೆದು ತೆಗೆದಿದ್ದ. ಜ್ವರ ಬಂದ ಮೇಲೆ ಶಕ್ತಿ ಬರಲೆಂದು ಆಕೆ ದಿನವೂ ಆಗ ಹಿಂಡಿದ ಹಸಿ ಹಾಲನ್ನೇ ಕುಡಿಸುತ್ತಿದ್ದಳು. "ಕಾಸಿದ್ರ ಸತ್ವ ಹೋಗತೈತ್ರಿ," ಅಂದಳು.

ರೋಗಿಯ ರಕ್ತ ಹಾಕಿದ ಬಾಟಲಿಯನ್ನು ಐದು ದಿನ ಕಾವಿನಲ್ಲಿಟ್ಟು, ಏನೂ ಬೆಳೆಯದಿದ್ದರೆ ಎಸೆಯುವುದು ನಮ್ಮ ರೂಢಿ. ಮಾಳುವಿನ ಬಾಟಲಿಯನ್ನು ನಾನು ಎಸೆಯಗೊಡಲಿಲ್ಲ. ಮೇಲ್ವಿಚಾರಕ ಪ್ರತಾಪ ಸರ್ ದಿನವೂ ಕಾಡಿದರು: "ಬಾಯಾರ, ಬಾಟ್ಲಿ ಯಾವಾಗ ಹಡಿತೈತ್ರಿ?" ಹನ್ನೊಂದನೆಯ ದಿನ ದ್ರವ ಮಸುಕಾಯಿತು. ಪರೀಕ್ಷೆಗಳೆಲ್ಲ ಒಂದೇ ಹೆಸರು ಹೇಳಿದವು: ಬ್ರುಸೆಲ್ಲಾ, ಕಂದು ಹಾಕಿದ ಆಡಿನಿಂದಲೂ ಹಸಿ ಹಾಲಿನಿಂದಲೂ ಮನುಷ್ಯರಿಗೆ ದಾಟುವ ರೋಗಾಣು.

ಅದರ ಜಾಣತನ ಕೇಳಿ. ರೋಗಾಣುಗಳನ್ನು ನುಂಗಿ ಅರಗಿಸುವ ಜೀವಕೋಶಗಳು ನಮ್ಮ ಮೈಯಲ್ಲಿವೆ. ಇದು ಸುಮ್ಮನೆ ನುಂಗಿಸಿಕೊಳ್ಳುತ್ತದೆ. ಒಳಗೆ ಹೋದ ಮೇಲೆ ಅರಗಿಸುವ ರಸ ತನ್ನನ್ನು ಮುಟ್ಟದಂತೆ ತಡೆದು, ಆ ಕೋಶದ ಪೊರೆಯನ್ನೇ ಹೊದ್ದು ಮರಿ ಮಾಡುತ್ತದೆ. ಮನೆ ಬೇಗ ಬೀಳಬಾರದೆಂದು ಕೋಶ ಸಾಯದಂತೆಯೂ ನೋಡಿಕೊಳ್ಳುತ್ತದೆ. ಅವಸರದವರ ಕಣ್ಣಿಗೆ ಅದು ಬೀಳುವುದಿಲ್ಲ.

ಕೋಶದೊಳಕ್ಕೂ ಇಳಿಯುವ ಎರಡು ಔಷಧಗಳನ್ನು ವೈದ್ಯರು ಆರು ವಾರ ಕೊಟ್ಟರು. ನಿನ್ನೆ ಮಾಳು ಬಂದಿದ್ದ. "ಸಂಜಿಕ ಹೋತದ ಹಿಂದ ಓಡೇನ್ರಿ, ಅಕ್ಕಾರ. ಹಿಡದೇನಿ," ಅಂದ. ಆಡು ಸಾಕುವವರ ಬಾಟಲಿಯನ್ನು ಇನ್ನು ಮುಂದೆ ಇಪ್ಪತ್ತೊಂದು ದಿನ ಇಡಬೇಕೆಂದು ಪ್ರತಾಪ ಸರ್ ತಾವೇ ಗೋಡೆಗೆ ಬರೆದು ಅಂಟಿಸಿದ್ದಾರೆ.

ಅಮ್ಮಿಗೆ ಸಲಾಂ. ನಿಮ್ಮ ದುವಾ ನನ್ನ ಮೇಲಿರಲಿ.

ನಿಮ್ಮ ಮಗಳು
ಯಾಸ್ಮೀನ

ಇನ್ನೊಂದು ಮಾತು. ಆರು ವರ್ಷದ ಹಿಂದೆ ನಿಮಗೆ ಸಂಜೆ ಸಂಜೆ ಜ್ವರ ಬರುತ್ತಿದ್ದಾಗ ನಿಮ್ಮ ರಕ್ತ ತೆಗೆದವಳು ನಾನು. ಐದನೆಯ ದಿನ ಬಾಟಲಿ ಎಸೆದು 'ಏನೂ ಬೆಳೆದಿಲ್ಲ' ಎಂದು ಸಹಿ ಹಾಕಿದವಳೂ ನಾನೇ. ಆ ಕಾಗದ ಹಿಡಿದು ನಿಮ್ಮ ಮಗನೇ ಆದ ಯುನುಸಭಾಯಿ ನಿಮ್ಮನ್ನು ಮೈಗಳ್ಳ ಅಂದಾಗ ಸುಮ್ಮನಿದ್ದೆ. ನೀವು ವ್ಯಾಪಾರ ಬಿಟ್ಟಿರಿ. ಸೊಂಟದ ನೋವು ನಿಮ್ಮನ್ನು ಬಿಡಲಿಲ್ಲ; ಅದೂ ಈ ರೋಗದ್ದೇ ಇರಬಹುದು. ಭಾನುವಾರ ಬರುತ್ತೇನೆ. ಮೊದಲು ಭಾಯಿಯ ಎದುರು ಇದನ್ನು ಹೇಳುತ್ತೇನೆ. ಆಮೇಲೆ ನೀವು ತೋಳು ಚಾಚಿದರೆ, ರಕ್ತ ತೆಗೆಯುತ್ತೇನೆ.